ಸೆಕೆಂಡ್ ಹ್ಯಾಂಡ್ ಸ್ಕೀ ಬೋಟ್ ಕೊಳ್ಳುವ ಮುನ್ನ ಅದರ ಚಳಿಗಾಲಗಳನ್ನು ವಿಚಾರಿಸಿ

ಮಿನೆಸೋಟದಲ್ಲಿ ನಾಲ್ಕಾರು ಬೇಸಿಗೆ ಕಳೆದ ಕನ್ನಡದ ಮನೆಗಳಲ್ಲಿ ಒಂದಲ್ಲ ಒಂದು ದಿನ ಬೋಟಿನ ಮಾತು ಬಂದೇ ಬರುತ್ತದೆ. ಕಾರಿನ ನಂಬರ್ ಪ್ಲೇಟಿನ ಮೇಲೆಯೇ ಹತ್ತು ಸಾವಿರ ಸರೋವರಗಳ ಹೆಮ್ಮೆಯನ್ನು ಅಚ್ಚು ಹಾಕಿಸಿಕೊಂಡಿರುವ ರಾಜ್ಯವಿದು. ವಾಟರ್ ಸ್ಕೀಯಿಂಗ್ ಹುಟ್ಟಿದ್ದೂ ಇಲ್ಲಿಯೇ: 1922ರಲ್ಲಿ ಲೇಕ್ ಸಿಟಿ ಎಂಬ ಊರಿನ ಹದಿಹರೆಯದ ಹುಡುಗ ರಾಲ್ಫ್ ಸ್ಯಾಮ್ಯುಯೆಲ್‌ಸನ್, ತುದಿಗಳನ್ನು ಕುದಿನೀರಿನಲ್ಲಿ ಮೆದುಗೊಳಿಸಿ ಬಾಗಿಸಿದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಪೆಪಿನ್ ಸರೋವರದಲ್ಲಿ ದೋಣಿಯ ಹಿಂದೆ ನಿಂತ. ಅವನ ಆಟಕ್ಕೆಂದೇ ಮುಂದೆ ರೂಪುಗೊಂಡ ಸ್ಕೀ ಬೋಟನ್ನು ಇಂದು ಹೊಸದಾಗಿ ಕೊಳ್ಳಲು ಹೋದರೆ ಬೆಲೆ ಒಂದು ಲಕ್ಷ ಡಾಲರನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಮೊದಲ ಬಾರಿಗೆ ಬೋಟು ಕೊಳ್ಳುವ ಸಂಸಾರಸ್ಥರು ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಹಳೆಯ ಬೋಟುಗಳತ್ತ ನೋಡುವುದು ಸಹಜ. ಮಾರುವವರು ಬೋಟು ಬೇಸಿಗೆಯಲ್ಲಿ ಎಷ್ಟು ಚೆನ್ನಾಗಿ ಓಡಿತೆಂದು ಹೇಳುತ್ತಾರೆ. ಕೊಳ್ಳುವವರು ಅದು ಚಳಿಗಾಲಗಳನ್ನು ಹೇಗೆ ಕಳೆಯಿತೆಂದು ಕೇಳಬೇಕು.

ಮೊದಲಿಗೆ, ಸ್ಕೀ ಬೋಟ್ ಎಂದರೇನು ಎಂಬುದು ಸ್ಪಷ್ಟವಾಗಿರಲಿ. ನಿಜವಾದ ಸ್ಕೀ ಬೋಟು ಇನ್‌ಬೋರ್ಡ್ ಜಾತಿಯದು. ಅದರ ಎಂಜಿನ್ ಬೋಟಿನ ಒಳಗಿರುತ್ತದೆ, ಪ್ರೊಪೆಲ್ಲರ್ ತಳದ ಅಡಿಯಲ್ಲಿ, ಹಿಂಬದಿಯ ಅಂಚಿಗಿಂತ ಒಳಕ್ಕೆ ಇರುತ್ತದೆ. ಎಂಜಿನ್ ಆರಿಸಿದಾಗ ಹಿಂದಿನ ಹಲಗೆಯ ಮೇಲೆ ಕುಳಿತು ನೀರಿಗೆ ಕಾಲು ಇಳಿಬಿಡುವ ಮಕ್ಕಳಿರುವ ಮನೆಗೆ ಇದು ದೊಡ್ಡ ಅನುಕೂಲ. ಎಂಜಿನ್ ಬೋಟಿನ ನಡುಮಧ್ಯದಲ್ಲಿದ್ದು ನೇರವಾಗಿ ಪ್ರೊಪೆಲ್ಲರಿನ ಶಾಫ್ಟನ್ನು, ಅಂದರೆ ದಂಡವನ್ನು, ತಿರುಗಿಸುವುದು ಡೈರೆಕ್ಟ್ ಡ್ರೈವ್. ಎಂಜಿನ್ ಹಿಂಬದಿಯಲ್ಲಿದ್ದು ಶಾಫ್ಟ್ ಮುಂದಕ್ಕೆ ಹೋಗಿ ಗೇರ್‌ಬಾಕ್ಸಿನಲ್ಲಿ ಮಡಚಿಕೊಂಡು ಹಿಂದಕ್ಕೆ ಬರುವುದು ವಿ-ಡ್ರೈವ್. ಡೈರೆಕ್ಟ್ ಡ್ರೈವ್ ಬೋಟು ಹಿಂದೆ ಸಣ್ಣ, ಮೃದುವಾದ ಅಲೆಯನ್ನು ಬಿಡುವುದರಿಂದ ಸ್ಕೀ ಕಲಿಯುವವರಿಗೆ ಹೇಳಿ ಮಾಡಿಸಿದಂತಿರುತ್ತದೆ, ಹಳೆಯದಾದರೆ ಅಗ್ಗಕ್ಕೂ ಸಿಗುತ್ತದೆ. ಆದರೆ ನಡುಮನೆಯಲ್ಲಿ ಪೆಟ್ಟಿಗೆ ಇಟ್ಟಂತೆ ಎಂಜಿನ್ ಡಬ್ಬ ಜಾಗವನ್ನು ಎರಡು ಪಾಲು ಮಾಡುತ್ತದೆ. ವಿ-ಡ್ರೈವ್‌ನಲ್ಲಿ ಕೂರಲು ಜಾಗ ಹೆಚ್ಚು, ಅಲೆಯೂ ದೊಡ್ಡದು, ಬೆಲೆಯೂ ಹೆಚ್ಚು. ಕರೆಕ್ಟ್ ಕ್ರಾಫ್ಟ್ ಕಂಪನಿಯ ಸ್ಕೀ ನಾಟೀಕ್, ಮಾಸ್ಟರ್‌ಕ್ರಾಫ್ಟ್, ಮಲಿಬು ಮೊದಲಾದ ಹೆಸರುಗಳು ಹಳೆಯ ಬೋಟುಗಳ ಜಾಹೀರಾತಿನಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಅವುಗಳ ಎಂಜಿನ್‌ಗಳ ಬಿಡಿಭಾಗಗಳು ಇಂದಿಗೂ ಸಿಗುತ್ತವೆ.

ಸ್ಕೀ ಬೋಟು ಎಲ್ಲ ನೀರಿಗೂ ಹೊಂದುವುದಿಲ್ಲ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಅದರ ತಳ ಚಪ್ಪಟೆ, ಅಂಚು ತಗ್ಗು. ಬೆಳಗಿನ ಹೊತ್ತು ಕನ್ನಡಿಯಂತಿರುವ ಸಣ್ಣ ಸರೋವರದಲ್ಲಿ ಅದು ಚಾಕುವಿನಂತೆ ಹೋಗುತ್ತದೆ; ಶನಿವಾರ ಮಧ್ಯಾಹ್ನ ನೂರಾರು ದೋಣಿಗಳು ಕಲಕಿದ ಮಿನೆಟಾಂಕ ಸರೋವರದಲ್ಲಿ ಬೆನ್ನುಮೂಳೆಗೆ ಪೆಟ್ಟು ಕೊಡುತ್ತದೆ. ಮುಂಭಾಗ ತೆರೆದಿರುವ ಬೋಟಿನಲ್ಲಿ ಇಬ್ಬರು ದೊಡ್ಡವರು ಮುಂದೆ ಕುಳಿತಿರುವಾಗ ವೇಗವನ್ನು ತಟ್ಟನೆ ಇಳಿಸಿದರೆ ಮೂತಿ ತಗ್ಗಿ, ಒಂದು ಅಲೆ ನೇರವಾಗಿ ಒಳಗೇ ಬರಬಹುದು. ಹಿಮ್ಮುಖವಾಗಿ ಹೋಗುವಾಗ ಇನ್‌ಬೋರ್ಡ್ ಬೋಟು ಸ್ಟೀರಿಂಗಿನ ಮಾತನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ. ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ತಕ್ಕಂತೆ ಹಿಂಬದಿ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಡಾಕಿಗೆ ತಂದು ನಿಲ್ಲಿಸುವುದನ್ನು ಕಲಿಯಲು ಕೆಲವು ವಾರಾಂತ್ಯಗಳೇ ಬೇಕಾಗುತ್ತವೆ. ಮನೆಯವರಿಗೆ ನಿಜವಾಗಿ ಬೇಕಿರುವುದು ಟ್ಯೂಬಿನ ಮೇಲೆ ಮಕ್ಕಳನ್ನು ಎಳೆಯುವುದು, ಸಂಜೆ ನಿಧಾನವಾಗಿ ಒಂದು ಸುತ್ತು ಹೊಡೆಯುವುದು ಇಷ್ಟೇ ಆದರೆ, ಸ್ಕೀ ಬೋಟನ್ನು ಬಿಟ್ಟು ಸಾಧಾರಣ ಬೋರೈಡರ್, ಅಂದರೆ ಮೂತಿಯಲ್ಲೂ ಕೂರಲು ಜಾಗವಿರುವ ಸಾಮಾನ್ಯ ಮೋಜಿನ ಬೋಟು, ಕೊಳ್ಳುವುದೇ ಜಾಣತನ ಎಂದು ನಾನು ಹೇಳುತ್ತೇನೆ.

ಎರಡನೆಯ ಲೆಕ್ಕ ಕಾರಿನದು. ಇಪ್ಪತ್ತು ಅಡಿಯ ಹಳೆಯ ಡೈರೆಕ್ಟ್ ಡ್ರೈವ್ ಬೋಟು ಬರಿದಾಗಿಯೇ 2,500ರಿಂದ 3,000 ಪೌಂಡ್ ತೂಗುತ್ತದೆ. ಟ್ರೇಲರ್, ಪೆಟ್ರೋಲ್, ಹಗ್ಗ, ಹಲಗೆ, ಐಸ್ ಪೆಟ್ಟಿಗೆ ಸೇರಿದರೆ ನಾಲ್ಕು ಸಾವಿರ ಪೌಂಡ್ ಮೀರುವುದು ಮಾಮೂಲು. ನಮ್ಮವರ ಮನೆಗಳ ಮುಂದೆ ನಿಂತಿರುವ ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನ್‌ಗಳ ಎಳೆಯುವ ಮಿತಿ 3,500 ಪೌಂಡ್. ಓಡಿಸಿಕೊಂಡು ಬರುವುದೇನೋ ಸಾಧ್ಯವಾಗಬಹುದು, ಆದರೆ ಪಾಚಿ ಹಿಡಿದ ಇಳಿಜಾರಿನಿಂದ ಬೋಟನ್ನು ಮೇಲಕ್ಕೆಳೆಯುವಾಗ ಮುಂದಿನ ಚಕ್ರಗಳು ಸುಮ್ಮನೆ ತಿರುಗತೊಡಗಿದರೆ ಹಿಂದೆ ಸಾಲುಗಟ್ಟಿ ನಿಂತವರ ಮುಂದೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಬೋಟಿನ ಬಜೆಟ್ಟಿನೊಳಗೆ ಕಾರನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಇನ್ನು ಚಳಿಗಾಲದ ವಿಷಯ. ಬಹುಪಾಲು ಹಳೆಯ ಸ್ಕೀ ಬೋಟುಗಳ ಎಂಜಿನ್ ಸರೋವರದ ನೀರನ್ನೇ ಹೀರಿಕೊಂಡು, ತನ್ನ ಮೈಯೊಳಗೆ ಹರಿಸಿ ತಂಪಾಗಿ, ಆ ನೀರನ್ನು ಎಕ್ಸಾಸ್ಟಿನ ಮೂಲಕ ಹೊರಗೆ ಬಿಡುತ್ತದೆ. ಋತು ಮುಗಿದ ಮೇಲೆ ಆ ನೀರು ಎಂಜಿನ್ ಬ್ಲಾಕಿನಲ್ಲಿ ಉಳಿದುಬಿಟ್ಟರೆ, ಹೆಪ್ಪುಗಟ್ಟುವಾಗ ಅದು ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಮತ್ತು ಎರಕದ ಕಬ್ಬಿಣ ಹಿಗ್ಗಲೊಲ್ಲದೆ ಸೀಳುತ್ತದೆ. ಮಿನೆಸೋಟದ ಒಂದೇ ಒಂದು ನವೆಂಬರ್ ರಾತ್ರಿ ಇದಕ್ಕೆ ಸಾಕು. ಆದುದರಿಂದ ಪ್ರತಿ ಶರತ್ಕಾಲದಲ್ಲಿ ಬ್ಲಾಕ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ನೀರಿನ ಪಂಪ್, ಗೇರ್‌ಬಾಕ್ಸಿನ ಕೂಲರ್ ಎಲ್ಲದರಿಂದಲೂ ನೀರನ್ನು ಬಸಿದು, ಹಲವರು ಗುಲಾಬಿ ಬಣ್ಣದ ಆಂಟಿಫ್ರೀಜನ್ನೂ ತುಂಬಿ, ಎಣ್ಣೆ ಬದಲಿಸಿ ಬೋಟನ್ನು ಮಲಗಿಸುತ್ತಾರೆ. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಇದು: ಈ ಕೆಲಸವನ್ನು ಯಾರು ಮಾಡುತ್ತಿದ್ದರು, ರಸೀದಿ ಇದೆಯೇ? ತಾನೇ ಮಾಡುತ್ತಿದ್ದೆ ಎಂದರೆ ತಪ್ಪೇನಿಲ್ಲ. ಯಾವ ಯಾವ ತಿರುಪುಗಳನ್ನು ಬಿಚ್ಚಿ ನೀರು ಬಸಿಯುತ್ತೀರಿ, ತೋರಿಸಿ ಎಂದು ಕೇಳಿ. ನಿಜವಾಗಿ ಮಾಡಿದವನ ಕೈ ಯೋಚಿಸದೆ ಆ ತಿರುಪಿನ ಮೇಲೆ ಹೋಗುತ್ತದೆ.

ಬಳಿಕ ಟಾರ್ಚ್ ಹಿಡಿದು ಬ್ಲಾಕಿನ ಎರಡೂ ಪಕ್ಕಗಳನ್ನು ನೋಡಿ. ಉದ್ದಕ್ಕೆ ಹರಿದ ತುಕ್ಕಿನ ಗೆರೆ, ಎಪಾಕ್ಸಿ ಅಂಟಿನ ಹೊಲಿಗೆ, ಉಳಿದೆಲ್ಲ ಮಾಸಿರುವಾಗ ಅಲ್ಲೊಂದೇ ಕಡೆ ಹೊಸ ಬಣ್ಣ ಇವು ಕಂಡರೆ ಅಲ್ಲಿಗೆ ಮಾತು ಮುಗಿಸಿ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಜೇನಿನ ಬಣ್ಣದ್ದೋ ಕಪ್ಪನೆಯದೋ ಇರಬೇಕು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಣ್ಣೆಯೊಳಗೆ ನೀರು ಸೇರಿದೆ. ನೋಡಲು ಬರುವ ಮೊದಲೇ ಎಂಜಿನ್ ಚಾಲೂ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ, ಬಂದ ಕೂಡಲೇ ಬ್ಲಾಕಿನ ಮೇಲೆ ಅಂಗೈ ಇಡಿ. ನಾನು ನೋಡಲು ಹೋದ ಎರಡನೆಯ ಬೋಟಿನ ಎಂಜಿನ್ ಬೆಳಿಗ್ಗೆ ಎಂಟು ಗಂಟೆಗೇ ಆಗ ತಾನೇ ಬಡಿಸಿದ ರಾಗಿಮುದ್ದೆಯಷ್ಟು ಬೆಚ್ಚಗಿತ್ತು. ತಣ್ಣಗಿರುವಾಗ ಅದು ಸುಲಭವಾಗಿ ಚಾಲೂ ಆಗುವುದಿಲ್ಲ ಎಂಬುದನ್ನು ಮಾರುವವರು ಹೇಳದೆಯೇ ಹೇಳಿದಂತಾಯಿತು. ಎಂಟೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆಯನ್ನು, ಅಂದರೆ ಒಂದೊಂದರೊಳಗೂ ಎಷ್ಟು ಒತ್ತಡ ಏಳುತ್ತದೆಂಬ ಅಳತೆಯನ್ನು, ಮೆಕ್ಯಾನಿಕ್ಕಿನ ಕೈಯಲ್ಲಿ ಮಾಡಿಸಿ. ಅಂಕಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಒಂದಕ್ಕೊಂದು ಶೇಕಡ 10ರಿಂದ 15ರೊಳಗೆ ಹೊಂದಿಕೊಂಡಿವೆಯೇ ಎನ್ನುವುದು ಮುಖ್ಯ.

ಎಂಜಿನ್ ಕೋಣೆಯಲ್ಲಿ ಮತ್ತೊಂದನ್ನೂ ನೋಡಬೇಕು. ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪುಗಳು ಕಿಡಿ ಹೊರಗೆ ಬಾರದಂತೆ ಮುಚ್ಚಿದ ವಿನ್ಯಾಸದವು. ಮೇಲುನೋಟಕ್ಕೆ ಹಾಗೆಯೇ ಇರುವ ಕಾರಿನ ಭಾಗಗಳನ್ನು ಅರ್ಧ ಬೆಲೆಗೆ ತಂದು ಹಾಕಿಕೊಂಡ ಹಿಂದಿನ ಮಾಲೀಕರು ಇರುತ್ತಾರೆ. ಕಾರಿನ ಕೆಳಗಿನಿಂದ ಗಾಳಿ ಹಾಯುತ್ತದೆ, ಬೋಟಿನ ತಳದಲ್ಲಿ ಹಾಯುವುದಿಲ್ಲ; ಪೆಟ್ರೋಲಿನ ಆವಿ ಅಲ್ಲೇ ಕೂತಿರುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್, ಅಂದರೆ ಆ ಆವಿಯನ್ನು ಹೊರದಬ್ಬುವ ಫ್ಯಾನ್, ಓಡಿಸಬೇಕೆಂಬ ನಿಯಮವೂ ಇದಕ್ಕಾಗಿಯೇ. ಆ ಬ್ಲೋವರ್ ಕೆಟ್ಟಿದ್ದರೆ ಮಾರುವವರ ಉಳಿದ ಮಾತುಗಳನ್ನೂ ಅನುಮಾನದಿಂದ ಕೇಳಿ.

ಎಂಜಿನ್ನಿಗಿಂತ ದುಬಾರಿಯಾದ ರೋಗ ನೆಲದ ಕೆಳಗಿರುತ್ತದೆ. 1990ರ ದಶಕದ ಆರಂಭದವರೆಗೂ ಅನೇಕ ಬೋಟುಗಳ ನೆಲ ಮತ್ತು ಸ್ಟ್ರಿಂಗರುಗಳು, ಅಂದರೆ ತಳದುದ್ದಕ್ಕೂ ಹಾದು ಎಂಜಿನ್ನನ್ನು ಹೊರುವ ತೊಲೆಗಳು, ಫೈಬರ್‌ಗ್ಲಾಸಿನಿಂದ ಸುತ್ತಿದ ಮರದವೇ ಆಗಿದ್ದವು. ಒಂದು ತಿರುಪಿನ ತೂತಿನಿಂದ ನೀರು ಇಳಿದರೂ ಸಾಕು, ಹೊರಗೆ ಮಿರುಗುತ್ತಿರುವಾಗಲೇ ಒಳಗೆ ಮರ ಕೊಳೆಯುತ್ತದೆ. ಬರಿಗಾಲಿನಲ್ಲಿ ನೆಲದ ಮೇಲೆಲ್ಲ ನಡೆಯಿರಿ. ಎಲ್ಲಿಯಾದರೂ ಮೆತ್ತಗೆ ಕುಸಿಯುವಂತಿದ್ದರೆ ಗುರುತಿಟ್ಟುಕೊಳ್ಳಿ. ಸ್ಟ್ರಿಂಗರನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿಯಾದ ಮರ ಟಕ್ ಎನ್ನುತ್ತದೆ, ಕೊಳೆತದ್ದು ಒದ್ದೆ ಮೂಟೆಯಂತೆ ದಪ್ ಎನ್ನುತ್ತದೆ. ಇದೆಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಎಂಜಿನ್ ಮೌಂಟಿನದು. ಮಾಲೀಕರ ಒಪ್ಪಿಗೆ ಪಡೆದು, ಎಂಜಿನ್ನನ್ನು ಸ್ಟ್ರಿಂಗರಿಗೆ ಬಿಗಿದ ಬೋಲ್ಟಿನ ಮೇಲೆ ಸ್ಪಾನರ್ ಇಟ್ಟು ಬಿಗಿಯುವ ದಿಕ್ಕಿಗೆ ತುಸು ಒತ್ತಿ ನೋಡಿ. ನಾನು ಹೀಗೆ ಒತ್ತಿದ ಒಂದು ಬೋಲ್ಟ್ ಯಾವ ತಡೆಯೂ ಇಲ್ಲದೆ ತಿರುಗುತ್ತಲೇ ಹೋಯಿತು. ಮೇಲಕ್ಕೆತ್ತಿದಾಗ ಅದರ ಎಳೆಗಳ ನಡುವೆ ನೆನೆದ ಕಾಫಿ ಚರಟದಂಥ ಕಂದು ಪುಡಿ ಅಂಟಿಕೊಂಡಿತ್ತು. ಆ ಬೋಟಿನ ಮೈ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಸ್ಟ್ರಿಂಗರ್ ಬದಲಿಸುವುದೆಂದರೆ ಎಂಜಿನ್ ಎತ್ತಿ, ನೆಲ ಕಿತ್ತು, ಬೋಟನ್ನು ಮತ್ತೆ ಕಟ್ಟಿದಂತೆಯೇ; ಹಳೆಯ ಬೋಟಿನ ಬೆಲೆಯನ್ನೇ ಮೀರುವ ಖರ್ಚು ಅದು.

ಬೋಟು ಟ್ರೇಲರಿನ ಮೇಲಿರುವಾಗಲೇ ಅಡಿಗೆ ಇಳಿದು ನೋಡಿ. ಪ್ರೊಪೆಲ್ಲರಿನ ಅಂಚಿನಲ್ಲಿ ಕಚ್ಚುಗಳಿದ್ದರೆ ಅದನ್ನು ಸರಿಮಾಡಿಸಬಹುದು, ಆದರೆ ಬಂಡೆಗೆ ಹೊಡೆದ ಪೆಟ್ಟಿಗೆ ಶಾಫ್ಟೂ ಬಾಗಿದೆಯೇ ಎಂದು ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಗಡಗಡ ಎಂದರೆ ಅದನ್ನು ತಳದ ಕೆಳಗೆ ಹಿಡಿದಿರುವ ಸ್ಟ್ರಟ್ಟಿನೊಳಗಿನ ಬೇರಿಂಗ್ ಸವೆದಿದೆ. ಶಾಫ್ಟ್ ತಳವನ್ನು ದಾಟುವಲ್ಲಿ ಹಳೆಯ ಬಗೆಯ ಪ್ಯಾಕಿಂಗ್, ಅಂದರೆ ನೀರು ತಡೆಯಲು ಸುತ್ತಿದ ಹುರಿ, ಇದ್ದರೆ, ಓಡುವಾಗ ಹನಿಹನಿಯಾಗಿ ನೀರು ಒಳಬರುವುದು ದೋಷವಲ್ಲ, ಅದು ಇರುವುದೇ ಹಾಗೆ. ಧಾರೆಯಾಗಿ ಬಂದರೆ ಮಾತ್ರ ದೋಷ.

ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಮೀಟರಿಗೆ ಜನ ಕೊಡುವ ಬೆಲೆ ಅತಿಯಾಯಿತು. ಸಂಸಾರವೊಂದು ವರ್ಷಕ್ಕೆ ಸುಮಾರು ಐವತ್ತು ಗಂಟೆ ಓಡಿಸುತ್ತದೆಂದು ಹಿಡಿದರೆ ಇಪ್ಪತ್ತು ವರ್ಷದ ಬೋಟಿನಲ್ಲಿ ಸಾವಿರ ಗಂಟೆ ಕಂಡರೆ ಬೆಚ್ಚಬೇಕಿಲ್ಲ. ಪ್ರತಿ ವರ್ಷ ಎಣ್ಣೆಯನ್ನೂ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರವಾದ ಇಂಪೆಲ್ಲರನ್ನೂ ಬದಲಿಸಿಕೊಂಡು ಸಾವಿರ ಗಂಟೆ ಓಡಿದ ಬೋಟನ್ನು, ಗೋದಾಮಿನ ಮೂಲೆಯಲ್ಲಿ ಇಲಿಗಳಿಗೆ ಮನೆಯಾಗಿ ಇನ್ನೂರು ಗಂಟೆಯಲ್ಲೇ ನಿಂತ ಬೋಟಿಗಿಂತ ಮೇಲೆಂದು ನಾನು ಆರಿಸುತ್ತೇನೆ.

ನೀರಿಗಿಳಿಸದೆ ಹಣ ಕೊಡಬೇಡಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬೆಲೆ ಇಳಿಯುತ್ತದೆ, ಬೋಟನ್ನು ಇಡುವ ಜಾಗಕ್ಕೆ ಇನ್ನೊಂದು ಚಳಿಗಾಲದ ಬಾಡಿಗೆ ಕಟ್ಟಲು ಮನಸ್ಸಿಲ್ಲದ ಮಾಲೀಕರು ಸಿಗುತ್ತಾರೆ, ಸರೋವರಗಳೂ ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಕೊಳ್ಳಲು ಇದೇ ಹದ. ಅರ್ಧ ಗಂಟೆಯಾದರೂ ಓಡಿಸಿ. ಉಷ್ಣತೆಯ ಮುಳ್ಳು ಸಾಮಾನ್ಯವಾಗಿ 160 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ನಿಂತುಬಿಡಬೇಕು, ಏರುತ್ತಲೇ ಹೋಗಬಾರದು. ಪೂರ್ತಿ ವೇಗದಲ್ಲಿ ಕೈಪಿಡಿ ಹೇಳುವಷ್ಟು ಆರ್‌ಪಿಎಂ ಮುಟ್ಟುತ್ತದೆಯೇ, ಆಮೇಲೆ ನಿಧಾನಿಸಿದಾಗ ಎಣ್ಣೆಯ ಒತ್ತಡ ಕುಸಿಯುತ್ತದೆಯೇ ನೋಡಿ. ದಡಕ್ಕೆ ಬರುವ ಮುನ್ನ ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಬಿಸಿಯಲ್ಲೇ ಮತ್ತೆ ಚಾಲೂ ಮಾಡಿ. ಇಷ್ಟಾದರೂ ಧೈರ್ಯ ಬಾರದಿದ್ದರೆ ಬೋಟುಗಳನ್ನು ಪರೀಕ್ಷಿಸಿ ಹೇಳುವ ತಜ್ಞರಾದ ಮೆರೈನ್ ಸರ್ವೇಯರ್ ಒಬ್ಬರನ್ನು ಕರೆಸಿ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವವರಂತೆ ಅವರ ಶುಲ್ಕಕ್ಕೆ ಹಿಂಜರಿಯಬಾರದು.

ಟ್ರೇಲರಿನ ಟೈರುಗಳು ಗೆರೆ ಸವೆಯುವ ಮೊದಲೇ ವಯಸ್ಸಾಗಿ ಸಿಡಿಯುತ್ತವೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ‘2316’ ಎಂದಿದ್ದರೆ 2016ರ 23ನೆಯ ವಾರದ ಟೈರು, ಬದಲಿಸಲೇಬೇಕು. ಬೇರಿಂಗ್, ಬ್ರೇಕ್, ದೀಪಗಳನ್ನೂ ನೋಡಿ.

ಕಾಗದಪತ್ರಗಳಲ್ಲಿ ಮುಖ್ಯವಾದದ್ದು ಬೋಟಿನ ಹಿಂಬದಿಯ ಬಲ ಮೂಲೆಯಲ್ಲಿ ಕೊರೆದಿರುವ ಹನ್ನೆರಡು ಅಕ್ಷರಾಂಕಿಗಳ ಹಲ್ ಸಂಖ್ಯೆ, ಅಂದರೆ ಬೋಟಿನ ಗುರುತಿನ ಸಂಖ್ಯೆ. ಅದರ ಕೊನೆಯ ಎರಡು ಅಂಕಿಗಳು 1984ರ ನಂತರದ ಬೋಟುಗಳಲ್ಲಿ ಮಾದರಿಯ ವರ್ಷವನ್ನು ಹೇಳುತ್ತವೆ. ಈ ಹಲ್ ಸಂಖ್ಯೆ ಒಡೆತನದ ದಾಖಲೆಯಾದ ಟೈಟಲ್ ಪತ್ರದಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಸಾಲ ಬಾಕಿಯಿದ್ದರೆ ಬ್ಯಾಂಕಿನ ಬಿಡುಗಡೆ ಪತ್ರ ಕೈಗೆ ಬರುವವರೆಗೆ ಹಣ ಹಸ್ತಾಂತರ ಬೇಡ. ಟ್ರೇಲರಿನ ಕಾಗದ ಬೇರೆಯೇ ಇರುತ್ತದೆ, ಮರೆಯಬಾರದು. ಓಡಿಸುವವರ ಪರವಾನಗಿಯನ್ನು ಮಿನೆಸೋಟ 2025ರ ಜುಲೈ 1ರಿಂದ ಹಂತಹಂತವಾಗಿ ಕಡ್ಡಾಯ ಮಾಡುತ್ತಿದ್ದು, 2028ರ ಜುಲೈ ಹೊತ್ತಿಗೆ 1987ರ ಜುಲೈ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರೂ ಇದರೊಳಗೆ ಬರುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿಯೇ ಇರಬೇಕು. ಯಾರನ್ನಾದರೂ ಹಿಂದೆ ಎಳೆಯುವಾಗ ಬೋಟಿನಲ್ಲಿ ನೋಡಿಕೊಳ್ಳುವ ಇನ್ನೊಬ್ಬರೋ ಅಗಲ ಕನ್ನಡಿಯೋ ಇರಬೇಕು. ಎಂಜಿನ್ ಓಡುತ್ತಿರುವಾಗ ಹಿಂದಿನ ಹಲಗೆಯ ಮೇಲೆ ಯಾರೂ ಕೂರಕೂಡದು, ಏಕೆಂದರೆ ಎಕ್ಸಾಸ್ಟಿನ ಕಾರ್ಬನ್ ಮಾನಾಕ್ಸೈಡ್ ಸರಿಯಾಗಿ ಅಲ್ಲಿಯೇ ಕವಿಯುತ್ತದೆ, ಅದಕ್ಕೆ ವಾಸನೆಯಿಲ್ಲ.

ಕೊನೆಯದಾಗಿ ಬಿರಡೆ. ಒಂದು ಸರೋವರದ ಜೀವಿಗಳು ಇನ್ನೊಂದಕ್ಕೆ ಹರಡಬಾರದೆಂದು, ಬೋಟನ್ನು ರಸ್ತೆಯ ಮೇಲೆ ಸಾಗಿಸುವಾಗ ತಳದ ಬಿರಡೆಯನ್ನು ತೆಗೆದು ನೀರನ್ನು ಬಸಿದಿರಬೇಕೆಂಬುದು ಇಲ್ಲಿನ ಕಾನೂನು. ಹೀಗಾಗಿ ಪ್ರತಿ ಸಲ ನೀರಿಗಿಳಿಸುವ ಮುನ್ನ ಅದನ್ನು ಮತ್ತೆ ತಿರುಗಿಸಿ ಹಾಕಬೇಕು, ಮತ್ತು ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಮರೆಯುತ್ತಾರೆ. ನಮ್ಮ ಮನೆಯಲ್ಲಿ ಬಿರಡೆಯನ್ನು ತೆಗೆದೊಡನೆ ಎಂಜಿನ್ ಕೀಲಿಕೈಯ ಜೊತೆ ಒಂದೇ ದಾರಕ್ಕೆ ಕಟ್ಟಿಡುತ್ತೇವೆ. ಕೀಲಿ ಹಿಡಿದವರ ಕೈಗೆ ಅದೂ ಬರುತ್ತದೆ.