ಗಿರಣಿ ಬೆಲ್ಟಿನ ಬುದ್ಧಿ ಆರ್‌ಸಿ ಕಾರಿಗೆ ಹಾಕಿ ಕೆಟ್ಟೆ

ನನ್ನದು ರಿಮೋಟಿನಲ್ಲಿ ಓಡಿಸುವ (ಆರ್‌ಸಿ) 1:10 ಅಳತೆಯ ಟೂರಿಂಗ್ ಕಾರು, ಸೆಕೆಂಡ್ ಹ್ಯಾಂಡ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಅದೂ ಹಲ್ಲಿರುವ ಎರಡು ಬೆಲ್ಟುಗಳ ಮೂಲಕ. ನಡುವಿನ ಪುಲ್ಲಿಯಿಂದ ಹಿಂದಕ್ಕೊಂದು ಗಿಡ್ಡ ಬೆಲ್ಟು, ಮುಂದಕ್ಕೊಂದು ಉದ್ದನೆಯದು. ತಂದ ಎರಡನೇ ವಾರವೇ ಬ್ರೇಕ್ ಹಾಕಿದಾಗಲೆಲ್ಲ ಒಳಗಿಂದ ಕಟಕಟ ಅನ್ನೋಕೆ ಶುರುವಾಯಿತು. ಬೆಲ್ಟು ಹಲ್ಲು ಹಾರಿಸುತ್ತಿದೆ ಅಂತ ಗೊತ್ತಾಯಿತು. ಹಾಗಾದರೆ ಬಿಗಿ ಮಾಡೋದು, ಅಷ್ಟೇ ಅಲ್ವಾ?

ಇಲ್ಲೇ ನಾನು ಎಡವಿದ್ದು. ಚಿಕ್ಕವನಿದ್ದಾಗ ಚಿಕ್ಕಪ್ಪನ ಹಿಟ್ಟಿನ ಗಿರಣಿಯಲ್ಲಿ ಆಡಿಕೊಂಡು ಬೆಳೆದವನು ನಾನು. ಅಲ್ಲಿ ಬೆಲ್ಟು ಸಡಿಲವಾದರೆ ಜಾರುತ್ತೆ, ಕಲ್ಲು ತಿರುಗಲ್ಲ, ಹಾಗಾಗಿ ಬೆಲ್ಟು ಅಂದರೆ ತಂತಿಯ ಹಾಗೆ ಬಿಗಿಯಾಗಿರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಭಾಗಕ್ಕೆ ಡಿಫ್ ಅಂತಾರೆ. ಅದರ ಎರಡೂ ಬದಿ ಬೇರಿಂಗ್ ಹಿಡಿಯುವ ದುಂಡನೆಯ ಪ್ಲಾಸ್ಟಿಕ್ ಕ್ಯಾಮ್ ಇರುತ್ತೆ, ಅದರ ತೂತು ನಟ್ಟನಡುವೆ ಇರಲ್ಲ, ಸ್ವಲ್ಪ ಪಕ್ಕಕ್ಕಿರುತ್ತೆ. ಒಂದು ಕಚ್ಚು ತಿರುಗಿಸಿದರೆ ಡಿಫ್ ಸ್ವಲ್ಪ ಸರಿದು ಬೆಲ್ಟು ಬಿಗಿಯಾಗುತ್ತೆ. ನಾನು ಹಿಂದೆ ಮುಂದೆ ಎರಡೂ ಕಡೆ ಎರಡೆರಡು ಕಚ್ಚು ತಿರುಗಿಸಿದೆ. ಶಬ್ದ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆದರೆ ಐದು ನಿಮಿಷ ಓಡಿಸುವಷ್ಟರಲ್ಲಿ ಮೋಟಾರ್ ಮೇಲೆ ಬೆರಳಿಡೋಕಾಗಲಿಲ್ಲ, ಬ್ಯಾಟರಿಯೂ ಬೇಗ ಇಳಿಯಿತು.

ಊರಿಗೆ ಫೋನ್ ಮಾಡಿದಾಗ ಸುಮ್ನೆ ಈ ವಿಷಯ ಬಂತು. ಚಿಕ್ಕಪ್ಪ ನಕ್ಕುಬಿಟ್ಟರು. "ನಮ್ದು ಚಪ್ಪಟೆ ಬೆಲ್ಟು ಕಣೋ, ಅದಕ್ಕೆ ಬಿಗೀಬೇಕು. ನಿಂದಕ್ಕೆ ಹಲ್ಲಿದೆ ಅಂತೀಯ, ಅದನ್ನ್ಯಾಕೆ ಎಳೆದು ಸಾಯಿಸ್ತೀಯ?"

ಹೌದಲ್ಲ! ಗಿರಣಿ ಬೆಲ್ಟು ಎಳೆಯೋದು ಉಜ್ಜಾಟದಿಂದ, ಇದು ಎಳೆಯೋದು ಹಲ್ಲಿನಿಂದ. ಇದನ್ನು ಬೈಕ್ ಚೈನಿನ ಹಾಗೆ ನೋಡಬೇಕು. ಮೆಕ್ಯಾನಿಕ್ ಚೈನನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ ನೋಡ್ತಾನಲ್ಲ, ಹಾಗೆ.

ಭಾನುವಾರ ಕೂತು ಎಲ್ಲ ಬಿಚ್ಚಿದೆ. 2 ಎಂಎಂ ಅಲೆನ್ ಕೀ ಒಂದಿದ್ದರೆ ಮುಕ್ಕಾಲು ಕೆಲಸ ಆಗುತ್ತೆ. ಮೊದಲು ಮೋಟಾರ್ ತೆಗೆದೆ. ಮೋಟಾರಿನ ಪುಟ್ಟ ಹಲ್ಲುಚಕ್ರ (ಪಿನಿಯನ್) ಅದು ತಿರುಗಿಸುವ ದೊಡ್ಡ ಹಲ್ಲುಚಕ್ರಕ್ಕೆ (ಸ್ಪರ್) ತಾಗಿಕೊಂಡಿದ್ದರೆ ಬೆಲ್ಟಿನ ಭಾರ ಎಷ್ಟು ಅಂತ ಕೈಗೆ ತಿಳಿಯಲ್ಲ. ಮೇಲಿನ ಡೆಕ್ ಅಂದರೆ ಮೇಲುಹಲಗೆ ತೆಗೆದು ನೋಡಿದರೆ ಕಾರಣ ಎರಡು ಸಿಕ್ಕವು. ನಡುವಿನ 20 ಹಲ್ಲಿನ ಪುಲ್ಲಿಯಲ್ಲಿ ಎರಡು ಹಲ್ಲಿನ ಸಂದಿಗೆ ಸಾಸಿವೆ ಗಾತ್ರದ ಒಂದು ಜಲ್ಲಿ ಚೂರು ಗಟ್ಟಿಯಾಗಿ ಕೂತಿತ್ತು. ನಾನು ಓಡಿಸೋದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಇನ್ನೇನು ಬರುತ್ತೆ? ಬೆಲ್ಟು ಅದರ ಮೇಲೆ ಬಂದಾಗಲೆಲ್ಲ ಎದ್ದು ಹಲ್ಲು ಹಾರಿಸುತ್ತಿತ್ತು. ಇನ್ನೊಂದು, ಮುಂದಿನ ಕ್ಯಾಮ್‌ಗಳು ಎಡದ್ದು ಒಂದು ಕಚ್ಚಿನಲ್ಲಿ, ಬಲದ್ದು ಬೇರೆ ಕಚ್ಚಿನಲ್ಲಿ. ಮುಂದಿನ ಸ್ಪೂಲ್ (ಮುಂದೆ ಡಿಫ್ ಬದಲು ಇರುವ, ಎರಡೂ ಚಕ್ರ ಒಟ್ಟಿಗೇ ತಿರುಗಿಸುವ ಭಾಗ) ಓರೆಯಾಗಿ ಕೂತು, ಬೆಲ್ಟಿನ ಒಂದು ಅಂಚು ಪುಲ್ಲಿಯ ಗೋಡೆಗೆ ತಿಕ್ಕಿ ನೂಲು ಬಿಟ್ಟಿತ್ತು. ಇದು ಹಳೇ ಮಾಲೀಕನ ಕೆಲಸವೋ ನನ್ನದೋ, ಬಿಡಿ, ಬಹುಶಃ ನನ್ನದೇ.

ಚೂರನ್ನು ಗುಂಡುಸೂಜಿಯಲ್ಲಿ ಕಿತ್ತೆ. ಹಳೇ ಟೂತ್‌ಬ್ರಷ್‌ನಲ್ಲಿ ಪುಲ್ಲಿ, ಬೆಲ್ಟು ಎಲ್ಲ ಒಣಗಿದ್ದ ಹಾಗೇ ಉಜ್ಜಿದೆ. ಎಣ್ಣೆ, ಗ್ರೀಸ್ ಏನೂ ಹಾಕಬೇಡಿ, ಧೂಳು ಅಂಟಿಕೊಂಡು ಮರಳು ಕಾಗದದ ಥರ ಆಗುತ್ತೆ. ನೂಲು ಬಿಟ್ಟ ಬೆಲ್ಟು ಎಸೆದು ಹೊಸದು ಹಾಕಿದೆ. ಹಾಕುವಾಗ ಅದನ್ನು ಇಕ್ಕಳದಲ್ಲಿ ಎಳೆಯಬಾರದು, ಚೂಪಾಗಿ ಮಡಚಲೂಬಾರದು, ಒಳಗಿನ ನೂಲು ಮುರಿಯುತ್ತೆ. ಪುಲ್ಲಿಯನ್ನು ಬೆಲ್ಟಿನೊಳಗೆ ಇಟ್ಟು ಎರಡನ್ನೂ ಒಟ್ಟಿಗೇ ಕೂರಿಸೋದು ಸುಲಭ.

ಆಮೇಲೆ ಬಿಗಿ. ಎಲ್ಲ ಕ್ಯಾಮ್‌ಗಳನ್ನೂ ತೀರಾ ಸಡಿಲದ ಕಚ್ಚಿನಿಂದ ಶುರುಮಾಡಿದೆ, ಎಡ ಬಲ ಎಣಿಸಿ ಒಂದೇ ಥರ. ಕ್ಯಾಮ್ ತಿರುಗಿಸಿದರೆ ಡಿಫ್ ಸ್ವಲ್ಪ ಮೇಲೆ ಕೆಳಗೂ ಹೋಗುತ್ತೆ, ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಕೋನ ಬದಲಾಗುತ್ತೆ, ಅದನ್ನೂ ಗಮನಿಸಬೇಕು. ಮುಂದಿನ ಎರಡೂ ಚಕ್ರ ಗಟ್ಟಿಯಾಗಿ ಹಿಡಿದು ಹೆಬ್ಬೆರಳಲ್ಲಿ ಸ್ಪರ್ ಅನ್ನು ಮುಂದಕ್ಕೂ ಹಿಂದಕ್ಕೂ ಜೋರಾಗಿ ತಿರುಗಿಸಿ ನೋಡಿದೆ. ಹಲ್ಲು ಹಾರಿತು. ಒಂದು ಕಚ್ಚು ಬಿಗಿ ಮಾಡಿದೆ, ಮತ್ತೆ ನೋಡಿದೆ, ಹಾರಲಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಹಿಂದಿನದಕ್ಕೂ ಇದೇ ಪರೀಕ್ಷೆ. ಈಗ ಮುಂದಿನ ಬೆಲ್ಟನ್ನು ನಡುವೆ ಒತ್ತಿದರೆ ಸುಮಾರು 5 ಎಂಎಂ ತಗ್ಗುತ್ತೆ. ಮೊದಲು ನೋಡಿದ್ದರೆ ಇಷ್ಟು ಸಡಿಲವಾ ಅಂತ ಹೆದರುತ್ತಿದ್ದೆ. ಮೋಟಾರ್ ಇಲ್ಲದೆ ಚಕ್ರ ತಿರುಗಿಸಿಬಿಟ್ಟರೆ ಈಗ ಕೆಲವು ಸುತ್ತು ತಾನಾಗೇ ಓಡುತ್ತೆ, ಮುಂಚೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು.

ಒಂದು ತೊಂದರೆ ಮಾತ್ರ ಉಳಿದಿತ್ತು. ಓಟದಲ್ಲಿ ಮುಂದಿನ ಬೆಲ್ಟಿನ ಕೆಳಪಾಲು ಬಿಗಿಯಾಗಿರುತ್ತೆ, ಮೇಲ್ಪಾಲು ಸಡಿಲ. ಬ್ರೇಕ್ ಹಾಕಿದ ಕೂಡಲೇ ಉಲ್ಟಾ, ಕೆಳಪಾಲು ಜೋತುಬೀಳುತ್ತೆ. ನನ್ನ ಕಾರಿನಲ್ಲಿ ಅದು ಸ್ಟೀರಿಂಗ್ ತಿರುಗಿಸುವ ಸರ್ವೋ ಮೋಟಾರಿನ ವೈರಿಗೆ ತಾಗಿ ಸರ್ ಅನ್ನುತ್ತಿತ್ತು. ಅದಕ್ಕೆಂದು ಮತ್ತೆ ಕ್ಯಾಮ್ ಮುಟ್ಟಲಿಲ್ಲ, ವೈರನ್ನು ಪಕ್ಕಕ್ಕೆ ಎಳೆದು ಚಾಸಿಗೆ ಟೇಪ್ ಅಂಟಿಸಿದೆ. ಹೊಸ ಬೆಲ್ಟು ಮೂರು ಬ್ಯಾಟರಿ ಓಡಿದ ಮೇಲೆ ಇನ್ನೊಮ್ಮೆ ಚಕ್ರ ಹಿಡಿದು ನೋಡಿದೆ, ಹಿಂದಿನದು ಒಂದು ಕಚ್ಚು ಕೇಳಿತು, ಮುಂದಿನದು ಹಾಗೇ ಇದೆ.