ಇಂಗ್ಲಿಷಿನಲ್ಲಿ ಭಯ ಬರೆಯುವಾಗ ಎಡವುವ ಜಾಗಗಳು

ಕನ್ನಡದಲ್ಲಿ ಭಯ ನಮಗೆ ‘ಆಗುತ್ತದೆ’. ‘ನನಗೆ ಭಯವಾಗುತ್ತಿದೆ’ ಎಂಬಲ್ಲಿ ಭಯವೇ ಕರ್ತೃ. ಇಂಗ್ಲಿಷಿನಲ್ಲಿ ಹೆದರಿದವನೇ ಕರ್ತೃ. ಇದು ಮರೆತಾಗ ‘ಫಿಯರ್ ಈಸ್ ಕಮಿಂಗ್ ಟು ಮಿ’, ‘ಐ ಆಮ್ ಗೆಟ್ಟಿಂಗ್ ಫಿಯರ್’ ಹುಟ್ಟುತ್ತವೆ. ಬರಹ ತಿದ್ದಲು ಕೂತಾಗ ನಾನು ಮೊದಲು ಹುಡುಕುವುದು ಇವನ್ನೇ. ‘ಐ ಆಮ್ ಸ್ಕೇರ್ಡ್’ ಎಂದರೆ ಸಾಕು. ‘ಐ ಆಮ್ ಸ್ಕೇರಿ’ ಎಂದು ಬರೆದರೆ ಅರ್ಥ ತಿರುಗುಮುರುಗು: ನನ್ನನ್ನು ಕಂಡು ಬೇರೆಯವರು ಹೆದರುತ್ತಾರೆ ಎಂದಾಗುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ವಿಭಕ್ತಿಯ ತೊಡಕು. ‘ನಾಯಿಗೆ ಹೆದರುತ್ತಾನೆ’ ಎಂಬುದರ ‘ಗೆ’ ಅತ್ತ ಹೋಗಿ ‘ಅಫ್ರೇಡ್ ಟು ಡಾಗ್ಸ್’ ಆಗಿಬಿಡುತ್ತದೆ. ನಾಮಪದವಿದ್ದರೆ ‘ಆಫ್’ ಬೇಕು: ‘ಅಫ್ರೇಡ್ ಆಫ್ ಡಾಗ್ಸ್’. ಕ್ರಿಯೆಗೆ ‘ಟು’, ‘ಆಫ್’ ಎರಡೂ ಬರುತ್ತವೆ, ಆದರೆ ಅರ್ಥ ಒಂದೇ ಅಲ್ಲ. ‘ಶಿ ವಾಸ್ ಅಫ್ರೇಡ್ ಟು ಕ್ಲೈಂಬ್’ ಎಂದರೆ ಮರ ಹತ್ತಲು ಅಳುಕಿದಳು. ‘ಶಿ ವಾಸ್ ಅಫ್ರೇಡ್ ಆಫ್ ಫಾಲಿಂಗ್’ ಎಂದರೆ ಎಲ್ಲಿ ಬಿದ್ದುಬಿಡುತ್ತೇನೋ ಎಂಬ ಭಯ. ‘ಅಫ್ರೇಡ್ ಟು ಫಾಲ್’ ಎಂದರೆ ಬೇಕೆಂದೇ ಬೀಳಲು ಹಿಂಜರಿದಂತೆ ಕೇಳಿಸುತ್ತದೆ. ನಮ್ಮ ಕೈಯಲ್ಲಿರುವ ಕೆಲಸಕ್ಕೆ ‘ಟು’, ಕೈಮೀರಿ ಆಗಿಬಿಡುವುದಕ್ಕೆ ‘ಆಫ್’ ಎಂದು ನೋಡಿಕೊಂಡರೆ ತಪ್ಪು ಬಹಳ ಕಡಿಮೆಯಾಗುತ್ತದೆ.

‘ಐ ಫಿಯರ್ ಮೈ ಸನ್’ ಎಂದರೆ ಮಗನೆಂದರೇ ಹೆದರಿಕೆ. ಮಗನಿಗೇನಾಗುವುದೋ ಎಂಬ ಆತಂಕಕ್ಕೆ ‘ಐ ಫಿಯರ್ ಫಾರ್ ಮೈ ಸನ್’. ‘ಹೆದರಿದ ಹುಡುಗ’ನನ್ನು ‘ಆನ್ ಅಫ್ರೇಡ್ ಬಾಯ್’ ಎನ್ನುವಂತಿಲ್ಲ, ‘ಅಫ್ರೇಡ್’ ನಾಮಪದದ ಮುಂದೆ ನಿಲ್ಲದು. ‘ಅ ಫ್ರೈಟನ್ಡ್ ಬಾಯ್’ ಎನ್ನಿ.

‘ಮಗು ಎದ್ದುಬಿಟ್ಟೀತೆಂದು’ ಎಂಬುದಕ್ಕೆ ‘ಫಾರ್ ಫಿಯರ್ ಆಫ್ ವೇಕಿಂಗ್ ದ ಬೇಬಿ’ ಚೆನ್ನಾಗಿ ಹೊಂದುತ್ತದೆ. ಇದೇ ಅರ್ಥಕ್ಕೆ ‘ಲೆಸ್ಟ್’ ಬಳಸುವುದಾದರೆ ಜೊತೆಗೆ ‘ನಾಟ್’ ಹಾಕಬೇಡಿ, ‘ಆಗದಿರಲಿ’ ಎಂಬ ನಿಷೇಧ ಆ ಪದದೊಳಗೇ ಇದೆ: ‘ಲೆಸ್ಟ್ ದ ಬೇಬಿ ಶುಡ್ ವೇಕ್’. ಇದು ಹಳೆಯ ಧಾಟಿಯದು, ದಿನಬಳಕೆಯ ಪತ್ರಕ್ಕೆ ಭಾರವಾಗುತ್ತದೆ.

ನುಡಿಗಟ್ಟುಗಳಲ್ಲಿ ನಾನು ಅತಿ ಹೆಚ್ಚು ತಿದ್ದಿರುವುದು ‘ಕೋಲ್ಡ್ ಫೀಟ್’. ‘ಭಯಕ್ಕೆ ಕೈಕಾಲು ತಣ್ಣಗಾಯಿತು’ ಎಂಬುದನ್ನು ‘ಐ ಗಾಟ್ ಕೋಲ್ಡ್ ಫೀಟ್’ ಮಾಡುತ್ತಾರೆ. ಅದರ ಅರ್ಥ ಬೇರೆ: ಒಪ್ಪಿಕೊಂಡ ಕೆಲಸದಿಂದ ಕೊನೆ ಗಳಿಗೆಯಲ್ಲಿ ಧೈರ್ಯ ಸಾಲದೆ ಹಿಂದೆಗೆಯುವುದು. ರಾತ್ರಿ ಹಾವು ಕಂಡು ನಡುಗಿದ್ದಕ್ಕೆ ‘ಮೈ ಬ್ಲಡ್ ರಾನ್ ಕೋಲ್ಡ್’ ಬರೆಯಬೇಕು.