ಪುಸ್ತಕ ಮುಚ್ಚಿದ ಮೇಲೆ ಶುರುವಾದ ಓದು

ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ದಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನಿಂದ, ಎದ್ದಿತ್ತು. ಅಪ್ಪ, ಅಮ್ಮ ಇಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಹುಳದ ಮನೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಕೆಮಿಸ್ಟ್ರಿಯಲ್ಲಿ 70ಕ್ಕೆ 21. ಫೇಲ್.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬಿಎಸ್‌ಸಿಗೆ ಚಿಕ್ಕಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಓದಿರಲಿಲ್ಲವಾ ಅಂದರೆ, ಓದಿದ್ದೆ. ದಿನಕ್ಕೆ ಮೂರು ನಾಲ್ಕು ಗಂಟೆ ಕೂರುತ್ತಿದ್ದೆ. ನೋಟ್ಸ್‌ನಲ್ಲಿ ಹಸಿರು ಗೆರೆ ಎಳೆಯದ ಸಾಲೇ ಇರಲಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ಮೂರರವರೆಗೂ ಎದ್ದಿದ್ದೆ. ಅಷ್ಟು ಮಾಡಿಯೂ ಹೀಗಾಯಿತಲ್ಲ ಅನ್ನುವುದೇ ಜಾಸ್ತಿ ನೋಯಿಸಿತು. ಸೋಮಾರಿತನ ಮಾಡಿದ್ದರೆ ಎಲ್ಲಿ ತಪ್ಪಿದೆ ಅಂತ ಗೊತ್ತಿರುತ್ತಿತ್ತು.

ನನ್ನ ತಪ್ಪು ತೋರಿಸಿದವರು ನಮ್ಮ ಕೆಮಿಸ್ಟ್ರಿ ಮೇಡಂ. ಎರಡನೇ ಸೆಮಿಸ್ಟರ್‌ನಲ್ಲಿ ಒಂದು ದಿನ ಲ್ಯಾಬ್ ಮುಗಿದ ಮೇಲೆ ನೋಟ್ಸ್ ತೆಗೆದುಕೊಂಡು ಅವರ ಹತ್ತಿರ ಹೋದೆ. ಆಲ್ಕೈಲ್ ಹಾಲೈಡ್ ಪಾಠ, ಅಂದರೆ ಕಾರ್ಬನ್ನಿಗೆ ಕ್ಲೋರಿನ್, ಬ್ರೋಮಿನ್ ಥರದ ಹಾಲೋಜನ್ ಅಂಟಿಕೊಂಡಿರುವ ಸಂಯುಕ್ತಗಳದ್ದು. "ಇದನ್ನು ಐದು ಸಲ ಓದಿದ್ದೀನಿ ಮೇಡಂ, ಆದರೂ ಬರೆಯೋಕೆ ಬರಲ್ಲ" ಅಂದೆ. ಅವರು ಪುಸ್ತಕ ನೋಡಲೇ ಇಲ್ಲ.

"ಪುಸ್ತಕ ಮುಚ್ಚಮ್ಮ. ಈಗ ಹೇಳು, ಟರ್ಷಿಯರಿ ಹಾಲೈಡ್ ಯಾಕೆ ಎಸ್‌ಎನ್‌1 ದಾರಿಯಲ್ಲೇ ಹೋಗುತ್ತೆ?"

ಉತ್ತರ ಯಾವ ಪುಟದಲ್ಲಿದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಎಡಗಡೆ ಪುಟ, ಕೆಳಗಿನಿಂದ ನಾಲ್ಕನೇ ಸಾಲು, ಹಸಿರು ಗೆರೆ. ಆ ಸಾಲಿನಲ್ಲಿ ಏನಿದೆ ಅನ್ನುವುದು ಮಾತ್ರ ಬಾಯಿಗೆ ಬರಲಿಲ್ಲ. ಮೇಡಂ ಸ್ವಲ್ಪ ಹೊತ್ತು ಕಾದು, "ಕನ್ನಡದಲ್ಲೇ ಹೇಳು, ಪರವಾಗಿಲ್ಲ. ಬಸ್ಸಿನಲ್ಲಿ ಬರ್ತೀಯಲ್ಲ, ಸೀಟು ಹೇಗೆ ಸಿಗುತ್ತೆ?" ಅಂದರು.

ಯೋಚಿಸುತ್ತಾ ಹೇಳಿದೆ. ಒಂದು, ಕೂತವರು ಪೂರ್ತಿ ಎದ್ದು ಇಳಿದು ಹೋಗುತ್ತಾರೆ, ಸೀಟು ಖಾಲಿ ಇರುತ್ತದೆ, ಆಮೇಲೆ ನಾವು ಕೂರುತ್ತೇವೆ. ಇನ್ನೊಂದು, ಅವರು ಆ ಕಡೆಯಿಂದ ಏಳುತ್ತಿರುವಾಗಲೇ ನಾವು ಈ ಕಡೆಯಿಂದ ಜಾರಿಕೊಂಡು ಕೂತುಬಿಡುತ್ತೇವೆ. ಸೀಟು ಅಂದರೆ ಕಾರ್ಬನ್, ಏಳುವವರು ಹಾಲೋಜನ್, ಕೂರುವವರು ಅದರ ಜಾಗಕ್ಕೆ ಬರುವ ಹೊಸ ಗುಂಪು. ಮೊದಲನೆಯದು ಎರಡು ಹೆಜ್ಜೆಯದು, ಎಸ್‌ಎನ್‌1. ಎರಡನೆಯದು ಒಂದೇ ಹೆಜ್ಜೆಯದು, ಎಸ್‌ಎನ್‌2. ಟರ್ಷಿಯರಿಯಲ್ಲಿ ಕಾರ್ಬನ್ ಸುತ್ತ ಮೂರು ಗುಂಪುಗಳು ಮೂಟೆ ಇಟ್ಟುಕೊಂಡು ನಿಂತ ಹಾಗೆ ನಿಂತಿರುತ್ತವೆ. ಹಿಂದಿನಿಂದ ನುಸುಳಲು ಜಾಗವೇ ಇಲ್ಲ. ಅದೇ ಮೂರು ಗುಂಪುಗಳು, ಹಾಲೋಜನ್ ಹೋದ ಮೇಲೆ ಕಾರ್ಬನ್ನಿಗೆ ಬರುವ ಪ್ಲಸ್ ಚಾರ್ಜ್ ತಡೆದುಕೊಳ್ಳಲು ಸಹಾಯವನ್ನೂ ಮಾಡುತ್ತವೆ. ಹಾಗಾಗಿ ಸೀಟು ಖಾಲಿಯಾದರೂ ಒಂದು ಗಳಿಗೆ ಹಾಗೇ ನಿಲ್ಲಬಲ್ಲದು. ಕೊನೆಯ ಮಾತನ್ನು ಮೇಡಂ ಸೇರಿಸಿದರು. ಉಳಿದದ್ದು ನನ್ನದೇ. ಐದು ಸಲ ಓದಿ ಬಾರದ್ದು ಹತ್ತು ನಿಮಿಷದಲ್ಲಿ ಬಂದಿತ್ತು. ಇವತ್ತಿಗೂ ಮರೆತಿಲ್ಲ.

ಅವತ್ತು ರಾತ್ರಿಯಿಂದ ಓದುವ ರೀತಿ ಬದಲಾಯಿಸಿದೆ. ಒಂದು ಭಾಗವನ್ನು ಅರ್ಧ ಗಂಟೆ ನಿಧಾನವಾಗಿ ಓದುವುದು. ಗೆರೆ ಎಳೆಯುವುದಿಲ್ಲ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿಗೆ ಬಂದಷ್ಟನ್ನೂ ಬರೆಯುವುದು. ಬರದಿದ್ದಾಗ ತಕ್ಷಣ ಪುಸ್ತಕ ತೆರೆಯಬಾರದು. ಎರಡು ಮೂರು ನಿಮಿಷ ತಿಣುಕಬೇಕು. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಬರೆಯುವುದು. ಮಾರನೇ ದಿನ ಬಸ್ಸಿನಲ್ಲಿ ಆ ಕೆಂಪು ಭಾಗವನ್ನಷ್ಟೇ ಕೇಳಿಕೊಳ್ಳುತ್ತಿದ್ದೆ. ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಮತ್ತೆ ಖಾಲಿ ಹಾಳೆ.

ಮೊದಮೊದಲು ತುಂಬ ಬೇಜಾರಾಗುತ್ತದೆ, ಅದನ್ನು ಹೇಳಲೇಬೇಕು. ಹಾಳೆಯಲ್ಲಿ ಕೆಂಪೇ ಜಾಸ್ತಿ ಕಾಣುತ್ತದೆ. ಸುಮ್ನೆ ಓದುವಾಗ ಎಲ್ಲಾ ಗೊತ್ತಿರುವ ಹಾಗೆ ಅನಿಸುತ್ತಿತ್ತಲ್ವಾ, ಆ ನೆಮ್ಮದಿ ಹೋಗಿಬಿಡುತ್ತದೆ. ಎರಡು ವಾರ ತಡೆದುಕೊಳ್ಳಿ. ಕೆಂಪು ಕಡಿಮೆಯಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಇದು ಯಾಕೆ ಹೀಗೆ ಅಂತ ತಿಳಿದದ್ದು ಬಿಎಡ್‌ಗೆ ಹೋದಾಗ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲೇ ಬರೆದಿದ್ದರು. ಮರೆವು ಮೊದಲ ಗಂಟೆಗಳಲ್ಲೇ ಜೋರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗ ಓದಿದಾಗ ನನ್ನ ಕಥೆಯನ್ನೇ ಓದಿದ ಹಾಗಾಯಿತು. ಅವರು ಒಂದು ಪಾಠವನ್ನು ಮತ್ತೆ ಓದಿದರು, ಇನ್ನೊಂದನ್ನು ನೋಡದೆ ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದ ಪಾಠದ್ದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಅದರಲ್ಲಿ ನೆನಪಿದ್ದದ್ದು ಸುಮಾರು 42 ಶೇಕಡಾ, ನೋಡದೆ ಬರೆದ ಪಾಠದಲ್ಲಿ 56. ನನಗೆ ಮುಖ್ಯ ಅನಿಸಿದ್ದು ಆ ಐದು ನಿಮಿಷದ ವಿಷಯ. ಮತ್ತೆ ಓದುವುದು ನಮಗೆ ಸುಳ್ಳು ಧೈರ್ಯ ಕೊಡುವುದು ಆ ಐದು ನಿಮಿಷದಲ್ಲೇ.

ಇನ್ನು ಸಮಯದ ವಿಷಯ. ದಿನಾ ಇಷ್ಟು ಗಂಟೆಗೆ ಕೂತು ಓದಿ ಅನ್ನುವ ಟೈಮ್‌ಟೇಬಲ್ ರೇಷ್ಮೆ ಮನೆಯಲ್ಲಿ ನಡೆಯುವುದಿಲ್ಲ. ಚಾಕಿ (ಮರಿ) ಹುಳ ಮನೆಗೆ ಬಂದ ಮೇಲೆ ಹಣ್ಣಾಗಲು, ಅಂದರೆ ಗೂಡು ಕಟ್ಟಲು ಸಿದ್ಧವಾಗಲು, ಸುಮಾರು 18-20 ದಿನ. ಅದರಲ್ಲಿ ಕೊನೆಯ ವಾರ ದೊಡ್ಡ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹಣ್ಣು ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಬಿಡುವ ದಿನ ಮನೆಯಲ್ಲಿ ಯಾರೂ ಕೂರುವ ಹಾಗಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಆ ದಿನಗಳಲ್ಲೂ ಪುಸ್ತಕ ಹಿಡಿದು ಕೂತು, ಓದೂ ಆಗದೆ ಕೆಲಸವೂ ಆಗದೆ ಒದ್ದಾಡಿದ್ದೆ.

ಆಮೇಲೆ ಗೋಡೆ ಕ್ಯಾಲೆಂಡರ್‌ನಲ್ಲಿ ಎರಡನ್ನೂ ಒಟ್ಟಿಗೆ ಬರೆಯತೊಡಗಿದೆ. ಚಾಕಿ ತರುವ ದಿನ, ಜ್ವರದ ದಿನಗಳು, ಗೂಡು ಬಿಡಿಸುವ ದಿನ. ಅದರ ಪಕ್ಕದಲ್ಲೇ ಇಂಟರ್ನಲ್ಸ್, ರೆಕಾರ್ಡ್ ಕೊಡುವ ದಿನ. ಹುಳ ಜ್ವರಕ್ಕೆ ಕೂತಾಗ ಒಂದು ದಿನ, ಒಂದೂವರೆ ದಿನ ಸೊಪ್ಪು ಹಾಕುವ ಹಾಗಿಲ್ಲ. ಆ ಬಿಡುವನ್ನು ಕಷ್ಟದ ಪಾಠಕ್ಕೆ ಇಟ್ಟೆ. ದೊಡ್ಡ ಹುಳದ ವಾರ ಹೊಸ ಪಾಠವೇ ಇಲ್ಲ, ಹಳೆಯದನ್ನು ಕೇಳಿಕೊಳ್ಳುವುದಷ್ಟೇ. ಅಮ್ಮನಿಗೂ ಇದು ಅರ್ಥವಾಯಿತು. "ನಾಳೆ ಜ್ವರಕ್ಕೆ ಕೂರುತ್ತೆ, ನೀನು ಓದ್ಕೋ ಕಣಮ್ಮ" ಅಂತ ಅವಳೇ ಹೇಳುತ್ತಿದ್ದಳು. ನಿಮ್ಮ ಮನೆಯಲ್ಲಿ ಹಸು ಇರಬಹುದು, ಅಂಗಡಿ ಇರಬಹುದು. ಮನೆಯ ಲೆಕ್ಕ ಮೊದಲು ಬರೆದು, ಉಳಿದ ಜಾಗದಲ್ಲಿ ಓದು ಬರೆದುಕೊಳ್ಳಿ.

ಸೊಪ್ಪು ಹಾಕುತ್ತಾ ಕೇಳಿಕೊಳ್ಳಲು ಚೀಟಿಗಳನ್ನು ಮಾಡಿಕೊಂಡೆ. ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳ ರಾಶಿಯೇ ಇತ್ತು. ಹಿಂಬದಿ ಖಾಲಿ ಇರುವ ದಪ್ಪ ಕಾಗದ. ಅದನ್ನು ಕತ್ತರಿಸಿ ಒಂದು ತುದಿಯಲ್ಲಿ ಪ್ರಶ್ನೆ ಬರೆದು, ಇನ್ನೊಂದು ತುದಿಯಲ್ಲಿ ಉತ್ತರ ಬರೆದು, ಉತ್ತರದ ಭಾಗ ಮಡಚಿಡುತ್ತಿದ್ದೆ. ಮೂರು ಸ್ವೀಟ್ ಡಬ್ಬ ಇಟ್ಟುಕೊಂಡೆ. ಹೊಸ ಚೀಟಿ ಮೊದಲ ಡಬ್ಬಕ್ಕೆ, ಅದನ್ನು ದಿನಾ ನೋಡುವುದು. ಸರಿ ಹೇಳಿದರೆ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಮತ್ತೆ ಸರಿಯಾದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ತಪ್ಪಿದರೆ ಯಾವ ಡಬ್ಬದಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ 1972ರಲ್ಲೇ ಹೇಳಿದ ದಾರಿ ಇದು. ನನಗೆ ಹೇಳಿಕೊಟ್ಟವಳು ಬಸ್ಸಿನ ಗೆಳತಿ.

ಇಂಗ್ಲಿಷ್ ನನಗೆ ಬೇರೆಯದೇ ಗೋಡೆ. ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ ಅಂತ ಎರಡು ಕೆಲಸ ಬೇರೆ ಮಾಡಿದ ಮೇಲೆ ಹಗುರಾಯಿತು. ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅದು ಸರಿ ಬಂದ ಮೇಲೆ ಅದನ್ನೇ ಐದು ಚಿಕ್ಕ ಇಂಗ್ಲಿಷ್ ವಾಕ್ಯ ಮಾಡುತ್ತಿದ್ದೆ. "ಡ್ಯೂ ಟು", "ಹೆನ್ಸ್", "ವೇರ್‌ಆ್ಯಸ್" ಥರದ ಜೋಡಿಸುವ ಮಾತುಗಳಿಗೆ ಒಂದು ಪುಟ್ಟ ಪುಸ್ತಕ. ಮೂವತ್ತು ನಲವತ್ತು ಸಿಕ್ಕರೆ ಸೈನ್ಸ್ ಉತ್ತರ ಬರೆಯಲು ಸಾಕು. ಕನ್ನಡ ಮಾಧ್ಯಮದಿಂದ ಬಂದವರು ಕನ್ನಡದಲ್ಲಿ ಯೋಚಿಸಲು ನಾಚಿಕೆ ಪಡಬೇಡಿ. ಅರ್ಥವಾಗದೆ ಉರು ಹೊಡೆದ ಇಂಗ್ಲಿಷ್ ವಾಕ್ಯ ಪರೀಕ್ಷೆ ಹಾಲ್‌ನಲ್ಲಿ ಅರ್ಧಕ್ಕೇ ಕೈಕೊಡುತ್ತದೆ. ನನಗೆ ಕೈಕೊಟ್ಟಿತ್ತು.

ಫೋನ್ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಇರುತ್ತಿತ್ತು. ಪರೀಕ್ಷೆ ಹಿಂದಿನ ರಾತ್ರಿ ಹತ್ತೂವರೆಗೆ ಮಲಗುತ್ತಿದ್ದೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ಇಡದೆ, ಪಾಠ ಮುಗಿದ ವಾರವೇ ಗಡಿಯಾರ ನೋಡಿಕೊಂಡು ಬರೆಯುತ್ತಿದ್ದೆ. ಫೇಲಾಗಿದ್ದ ಆ ಕೆಮಿಸ್ಟ್ರಿ ಪೇಪರ್ ಮತ್ತೆ ಕಟ್ಟಿ ಬರೆದಾಗ 70ಕ್ಕೆ 52 ಬಂತು. ಓದುವ ಗಂಟೆ ಮೊದಲಿಗಿಂತ ಕಡಿಮೆಯೇ ಆಗಿತ್ತು.

ಈಗ ಚಿಕ್ಕಪ್ಪನ ಮಗಳು ಮೊದಲ ವರ್ಷದ ಬಿಎಸ್‌ಸಿ. ಹೋದ ತಿಂಗಳು ಬಂದು "ಅಕ್ಕಾ, ನಿನ್ನ ಚೀಟಿ ಡಬ್ಬ ಕೊಡು" ಅಂದಳು. ಡಬ್ಬ ಮೂರನ್ನೂ ಕೊಟ್ಟೆ, ಚೀಟಿಗಳನ್ನು ತೆಗೆದಿಟ್ಟುಕೊಂಡೆ. ಮುಖ ಸಣ್ಣದು ಮಾಡಿಕೊಂಡಳು. ಅಟ್ಟದ ಮೇಲಿಂದ ಈ ವರ್ಷದ ಲಗ್ನಪತ್ರಿಕೆಗಳ ಕಟ್ಟು ಇಳಿಸಿ, ಕತ್ತರಿ ಜೊತೆಗೆ ಅವಳ ಮುಂದಿಟ್ಟೆ. ರಾತ್ರಿ ಸೊಪ್ಪು ಹಾಕಿ ಬರುವಷ್ಟರಲ್ಲಿ ಹನ್ನೊಂದು ಚೀಟಿ ಬರೆದಿದ್ದಳು.